ಗೆರೆಯಾಚೆಯ ಮೋವರ್

ಜೂನ್ ೨, ಸೋಮವಾರ

ಆತ್ಮಸಾಕ್ಷಿಯೆಂಬ ಘನ ನ್ಯಾಯಾಲಯದ ಮುಂದೆ ಕೈಕಟ್ಟಿ ನಿಂತು ಒಪ್ಪಿಕೊಳ್ಳುತ್ತೇನೆ: ಇಂದು ಸಂಜೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ನಾನು ಗಡಿ ದಾಟಿದೆ. ದಾಟಿ, ಅನ್ಯರ ಸ್ವತ್ತಾದ ಒಂದು ಹುಲ್ಲು ಕೊಯ್ಯುವ ಯಂತ್ರಕ್ಕೆ, ಮಾಲೀಕರ ಅನುಮತಿಯಿಲ್ಲದೆ, ಗ್ರೀಸ್ ಹಚ್ಚಿದೆ. ಕದಿಯಲಿಲ್ಲ, ಮುರಿಯಲಿಲ್ಲ, ಹಚ್ಚಿದೆ. ಕಾನೂನಿನಲ್ಲಿ ಇದಕ್ಕೆ ಕಲಮು ಇದೆಯೋ ಇಲ್ಲವೋ ತಿಳಿಯದು. ಅಣ್ಣನಿಗೆ ಗೊತ್ತಾದರೆ ಹೊಸದೊಂದನ್ನು ಸೇರಿಸುತ್ತಾನೆ.

ಗಡಿ ಎಂದರೆ ಶೆಡ್ಡಿನ ನೆಲದ ಮೇಲೆ ಅಣ್ಣ ಸುಣ್ಣದಲ್ಲಿ ಎಳೆದ ಗೆರೆ. ಹೋದ ವರ್ಷ ಪಾಲಾದಾಗ ಟ್ರ್ಯಾಕ್ಟರ್ ನನಗೆ ಬಂತು, ಅದರ ಹಿಂದೆ ಸಿಕ್ಕಿಸುವ ಮೋವರ್ ಅವನಿಗೆ ಹೋಯಿತು. ಎಳೆಯುವುದು ಒಬ್ಬನದು, ಕೊಯ್ಯುವುದು ಇನ್ನೊಬ್ಬನದು. ಹುಲ್ಲುಗಾವಲು ಅರ್ಧರ್ಧ. ಮನೆಯೂ ಅರ್ಧರ್ಧ, ನಡುವಿನ ಬಾಗಿಲಿಗೆ ಇಟ್ಟಿಗೆ ಬಿದ್ದು, ಅವನ ಅಡುಗೆಮನೆ ಆಚೆ, ನನ್ನ ಒಲೆ ಈಚೆ. ಪಾಲು ಮಾಡಿಸಿದ ವಕೀಲರು ತೂಕ ಸರಿಸಮವಾಯಿತೆಂದು ಬೀಗಿದರು. ಯಂತ್ರದಂಗಡಿಯವನು “ಬಿಡಿಭಾಗ ಏನಾದರೂ ಬೇಕಿತ್ತಾ ಸಾರ್?” ಎಂದಾಗಲೆಲ್ಲ ನನಗೆ ನಗು. ನಮ್ಮ ಮನೆಯಲ್ಲಿ ಈಗ ಇರುವುದೆಲ್ಲ ಅದೇ: ಬಿಡಿ, ಮತ್ತು ಭಾಗ.

ಗ್ರೀಸ್ ಯಾಕೆ ಹಚ್ಚಿದೆ? ಮೂರೂ ಪಿನ್ನುಗಳ ಜಾಗದಲ್ಲಿ ತುಕ್ಕು ಕಂಡಿತು, ಅಷ್ಟೇ. ತುಕ್ಕಿಗೆ ಪಕ್ಷಭೇದವಿಲ್ಲ. ಇದರಲ್ಲಿ ಭಾವನೆಗೀವನೆ ಹುಡುಕುವವರು ಬೇರೆ ಡೈರಿ ಓದಿಕೊಳ್ಳಲಿ.


ಜೂನ್ ೪, ಬುಧವಾರ

ಅತ್ತಿಗೆ ಹಿಂದಿನ ಗೋಡೆಯ ಬಳಿ ಬಟ್ಟೆ ಹರವುತ್ತ ಕರೆದರು. ಪಾಲಾದ ಮೇಲೆ ಎರಡು ರಾಷ್ಟ್ರಗಳ ನಡುವೆ ಅವರೇ ರಾಯಭಾರಿ.

“ಪ್ರೊಫೆಸರೇ, ನಿಮ್ಮಣ್ಣ ಮೋವರ್ ಮಾರ್ತಾರಂತೆ.”

“ಮಾರಲಿ. ಯಾರಿಗೆ?”

“ಡೈರಿಯವನಿಗೆ. ಹದಿನೈದನೇ ತಾರೀಖು ಭಾನುವಾರ ಬಂದು ಎತ್ಕೊಂಡು ಹೋಗ್ತಾನೆ.”

ಡೈರಿಯವನೆಂದರೆ ರಸ್ತೆಯಾಚೆ ಹಸು ಸಾಕಿ ಹಾಲು ಮಾರುವವನು. ಪ್ರತಿ ವರ್ಷ ನಮ್ಮ ಹುಲ್ಲು ಒಯ್ಯುವವನೂ ಅವನೇ. ನನ್ನದು ಬರೆಯುವ ಡೈರಿ, ಅವನದು ಕರೆಯುವ ಡೈರಿ. ಅವನದರಲ್ಲಿ ಕೆನೆ ಬರುತ್ತದೆ, ನನ್ನದರಲ್ಲಿ ಬರೀ ನೀರು.

“ಒಂದು ಷರತ್ತೂ ಇದೆ,” ಎಂದು ಅತ್ತಿಗೆ ಬಾಯಿಯಲ್ಲಿದ್ದ ಕ್ಲಿಪ್ಪು ತೆಗೆದರು. “ಅಷ್ಟರೊಳಗೆ ನೀವು ಒಬ್ಬರೇ ಅದನ್ನ ಟ್ರ್ಯಾಕ್ಟರ್‌ಗೆ ಸಿಕ್ಕಿಸಿದ್ರೆ ಮೋವರ್ ನಿಮ್ಮದೇ, ಪುಕ್ಕಟೆ. ‘ಅವನೇ ಜಂಬ ಕೊಚ್ಚಿದ್ನಲ್ಲ, ಮಾಡಿ ತೋರಿಸ್ಲಿ’ ಅಂದ್ರು.”

ಜಂಬವಂತೆ! ಹೋದ ವರ್ಷ ನಡೆದದ್ದು ಇಷ್ಟು. ಅಣ್ಣ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಮೋವರ್ ಸಿಕ್ಕಿಸುವಾಗ ನಾನು ಸೀಟಿನ ಮೇಲೆ, ಅವನು ಹಿಂದೆ. ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಅಲ್ಲದೆ ಅವನು “ರೈಟ್” ಎಂದು ಕೂಗಿದರೆ ಹೊರಡಬೇಕೋ ಬಲಕ್ಕೆ ತಿರುಗಬೇಕೋ ತಿಳಿಯದೆ ಒಮ್ಮೆ ಶೆಡ್ಡಿನ ಕಂಬಕ್ಕೇ ಗುದ್ದಿದ್ದೆ. ಆಮೇಲೆ ಅವನು ಬಸ್ಸಿನ ಪದ್ಧತಿಗೇ ಬಂದ. ಮಡ್‌ಗಾರ್ಡ್ ಮೇಲೆ ಅಂಗೈಯಿಂದ ಎರಡು ಏಟು: ಬಾ. ಒಂದು ಏಟು: ನಿಲ್ಲು. ವರ್ಷಗಟ್ಟಲೆ ಹೀಗೇ ನಡೆಯಿತು. ಹೋದ ಸಲ ಡೈರಿಯವನ ಎದುರಿಗೇ ಅಣ್ಣ, “ಏನೋ ಇದು, ಕಾಲೇಜಿನಲ್ಲಿ ಪಾಠ ಹಿಂದೆ ಮುಂದೆ ಮಾಡಿದ ಹಾಗೆ ಗಾಡಿ ಓಡಿಸ್ತೀಯಲ್ಲೋ” ಅಂದ. ಡೈರಿಯವನು ನಕ್ಕ. ನನಗೆ ರೇಗಿತು. “ಹಿಂದೆ ನಿಂತು ತಗಡು ಬಡಿಯೋದು ಬಿಟ್ಟು ನೀನೇನು ಮಾಡ್ತೀಯ? ನೀನಿಲ್ಲದೇ ಇದ್ರೂ ಒಬ್ಬನೇ ಹಾಕ್ತೀನಿ,” ಅಂದೆ. “ಹಾಕ್ಕೋ ಹೋಗು,” ಅಂದ. ಆ ಮಾತಿನ ಬಾಲ ಹಿಡಿದು ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು. ಕೊನೆಗೆ ವಕೀಲರು, ಇಟ್ಟಿಗೆ, ಸುಣ್ಣ.

“ಹೇಳಿ ಅವನಿಗೆ,” ಅಂದೆ ಅತ್ತಿಗೆಗೆ. “ಭಾನುವಾರದವರೆಗೆ ಯಾಕೆ, ನಾಳೆಯೇ ಹಾಕ್ತೀನಿ.”

“ಹೇಳ್ತೀನಿ. ಆದ್ರೆ ಬೆರಳು ಜೋಪಾನ. ನಿಮಗೆ ಬರೆಯೋದು ಬಿಟ್ಟು ಬೇರೆ ಕಸುಬಿಲ್ಲ.”


ಜೂನ್ ೫, ಗುರುವಾರ

ಸಿದ್ಧಾಂತ ಸರಳ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಕೆಳಗೆ ಎರಡು ತೋಳು, ಮೇಲೆ ಒಂದು ಕೊಂಡಿ. ಅದಕ್ಕೆ ಟಾಪ್ ಲಿಂಕ್ ಎನ್ನುತ್ತಾರೆ. ಮೋವರಿನಲ್ಲಿ ಅದಕ್ಕೆ ತಕ್ಕ ಮೂರು ಜಾಗ. ಎಡತೋಳು ಮೊದಲು, ಬಲತೋಳು ಆಮೇಲೆ, ಮೇಲಿನದು ಕೊನೆಗೆ. ಒಂದೊಂದಕ್ಕೂ ಪಿನ್ನು. ಬದುಕಿಡೀ ತರ್ಕಶಾಸ್ತ್ರ ಪಾಠ ಮಾಡಿದವನಿಗೆ ಇದು ನೀರು ಕುಡಿದಷ್ಟು ಸುಲಭ: ಕೆಳಗೆ ಎರಡು ಆಧಾರವಾಕ್ಯ, ಮೇಲೆ ಒಂದು ತೀರ್ಮಾನ.

ಆಧಾರವಾಕ್ಯಗಳೇ ಸಿಗಲಿಲ್ಲ. ಹಿಂದಕ್ಕೆ ಬಂದೆ, ಇಳಿದು ನೋಡಿದೆ: ತೋಳು ಒಂದು ಮುಷ್ಟಿ ದೂರ. ಹತ್ತಿದೆ, ಬಂದೆ, ಇಳಿದೆ: ಈಗ ಮೋವರಿಗೇ ಗುದ್ದಿ ಅದು ಓರೆಯಾಗಿದೆ. ಹತ್ತಿದೆ, ಮುಂದೆ ಹೋದೆ, ಮತ್ತೆ ಬಂದೆ, ಇಳಿದೆ: ಎಡ ಸರಿ, ಬಲ ಆಕಾಶದಲ್ಲಿ. ಮಧ್ಯಾಹ್ನದ ಹೊತ್ತಿಗೆ ನನ್ನ ಮಂಡಿಗಳು ನನ್ನ ಜೊತೆ ಮಾತು ಬಿಟ್ಟಿದ್ದವು. ಈಗ ಈ ಮನೆಯಲ್ಲಿ ನನ್ನ ಜೊತೆ ಮಾತು ಬಿಡದೆ ಉಳಿದಿರುವುದು ಗಡಿಯಾರ ಒಂದೇ. ಅದೂ ತಪ್ಪು ಹೇಳುತ್ತದೆ.

ರಾತ್ರಿ ಊಟಕ್ಕೆ ಬ್ರೆಡ್ಡು, ಮೊಟ್ಟೆ. ಒಬ್ಬನಿಗೆ ಎಷ್ಟು ಬೇಯಿಸಬೇಕೆಂಬ ಅಳತೆ ಇನ್ನೂ ಕೈಗೆ ಬಂದಿಲ್ಲ. ಉಳಿದದ್ದನ್ನು ಮುಚ್ಚಿಟ್ಟೆ.


ಜೂನ್ ೮, ಭಾನುವಾರ

ಬುದ್ಧಿವಂತಿಕೆ ಎಂದರೆ ಇದು. ಮಲಗುವ ಕೋಣೆಯ ನಿಲುವುಗನ್ನಡಿಯನ್ನು ಹೊತ್ತುಕೊಂಡು ಹೋಗಿ ಮೋವರಿನ ಹಿಂದೆ ಗೋಡೆಗೆ ಒರಗಿಸಿದೆ. ಸೀಟಿನಲ್ಲಿ ಕುಳಿತು ಕತ್ತು ತಿರುಗಿಸಿದರೆ ತೋಳು, ಪಿನ್ನು ಎಲ್ಲ ಕಾಣುತ್ತದೆ. ಅಣ್ಣನ ಹುದ್ದೆ ಇಂದಿನಿಂದ ರದ್ದು. ಸಂಬಳವಿಲ್ಲದ ಕಂಡಕ್ಟರನ ಜಾಗಕ್ಕೆ ಗಾಜು.

ಕಂಡದ್ದೇನೆಂದರೆ, ನನ್ನ ಎಡ ಅದರಲ್ಲಿ ಬಲ, ಬಲ ಎಡ. ಯಂತ್ರಕ್ಕಿಂತ ಹೆಚ್ಚಾಗಿ ಕಂಡದ್ದು ನಾನೇ. ಕತ್ತು ತಿರುಗಿಸಿ, ಬಾಯಿ ತೆರೆದು, ಹಿಂದೆ ಯಾರೋ ಏನೋ ಹೇಳುತ್ತಾರೆಂದು ಕಾಯುತ್ತಿರುವ ಒಬ್ಬ ನರೆಗೂದಲ ಮನುಷ್ಯ. ಅವನನ್ನು ನೋಡಲಾಗದೆ ಕನ್ನಡಿಯನ್ನು ವಾಪಸ್ ತಂದಿಟ್ಟೆ. ಅದರ ಮೂಲೆ ಸ್ವಲ್ಪ ಮುಕ್ಕಾಯಿತು.

ಶೆಡ್ಡಿಗೆ ಮರಳಿ ಇನ್ನೊಂದು ಪ್ರಯೋಗ. ಇಳಿದು ನಿಂತು, ನಾನೇ ಮಡ್‌ಗಾರ್ಡಿಗೆ ಎರಡು ಏಟು ಹಾಕಿದೆ. ಆಮೇಲೆ ಓಡಿ ಹೋಗಿ ಸೀಟು ಹತ್ತಿದೆ. ಹಾಸ್ಯಾಸ್ಪದವೆಂದು ಗೊತ್ತು, ಆದರೆ ಆ ಸಲ ಬಂದಷ್ಟು ನೇರವಾಗಿ ಬೇರೆ ಯಾವ ಸಲವೂ ಬರಲಿಲ್ಲ. ನಿಲ್ಲೆಂದು ಹೇಳುವವರಿಲ್ಲದೆ ಟ್ರ್ಯಾಕ್ಟರ್ ಇನ್ನೂ ಹಿಂದಕ್ಕೆ ಸರಿದು ಮೋವರಿಗೆ ಗುದ್ದಿತು.

ಇನ್ನೊಂದು ವಿಷಯ. ತಿಂಗಳಿಂದ ಮೆತ್ತಗಿದ್ದ ಟ್ರ್ಯಾಕ್ಟರಿನ ಹಿಂಗಾಲಿಗೆ, ಅಂದರೆ ಹಿಂದಿನ ಎಡ ಟೈರಿಗೆ, ಗಾಳಿ ತುಂಬಿದೆ. ನಾನು ತುಂಬಿಲ್ಲ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿರಬೇಕು. ಭೌತಶಾಸ್ತ್ರದ ಸಂಗತಿ. ಟೈರಿನ ಪಕ್ಕ ಕಾಲಿನಿಂದ ಒತ್ತುವ ಪಂಪಿನ ಗುರುತು ಧೂಳಿನಲ್ಲಿ ಇತ್ತು. ಅದನ್ನು ನಾನು ನೋಡಲಿಲ್ಲ.


ಜೂನ್ ೧೦, ಮಂಗಳವಾರ

ಮಳೆ. ಶೆಡ್ಡಿಗೆ ಹೋಗಲಿಲ್ಲ.

ಗೋಡೆಯಾಚೆ ಅಣ್ಣ ಕೆಮ್ಮಿದ. ಸ್ವಲ್ಪ ಹೊತ್ತಿನ ಮೇಲೆ ನಾನೂ ಕೆಮ್ಮಿದೆ. ನನಗೆ ಕೆಮ್ಮಿಲ್ಲ.


ಜೂನ್ ೧೧, ಬುಧವಾರ

ಅತ್ತಿಗೆ ಗೋಡೆಯ ಮೇಲೆ ಚಹಾದ ಲೋಟ ಇಟ್ಟು ಕೇಳಿದರು:

“ಎಲ್ಲಿಗೆ ಬಂತು ದಂಡಯಾತ್ರೆ?”

“ಎಡತೋಳು ಇನ್ನೇನು ಬಂದೇಬಿಡ್ತು.”

“ಇವರೂ ಹಾಗೇ ಅಂದ್ರು. ಕಿಟಕೀಲಿ ನಿಂತು ನೋಡ್ತಾ ಇದ್ರು. ‘ಸ್ಟೇರಿಂಗ್ ಒಂದಿಷ್ಟು ಮೊದಲೇ ಬಿಡಬೇಕು ಅವನು’ ಅಂತ ಒಬ್ಬರೇ ಗೊಣಗ್ತಾ ಇದ್ರು.”

“ಅವನಿಗ್ಯಾಕೆ ನನ್ನ ಸ್ಟೇರಿಂಗಿನ ಚಿಂತೆ?”

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡರು. “ಒಂದು ಮಾತು ಕೇಳ್ತೀನಿ, ನಾನು ನಿಮ್ಮಷ್ಟು ಓದಿದವಳಲ್ಲ. ನೀವು ಗೆದ್ರೆ ಮೋವರ್ ನಿಮ್ಮ ಕಡೆ ಹೋಗತ್ತೆ. ಸೋತ್ರೆ ಡೈರಿಯವನ ಕಡೆ. ಎರಡರಲ್ಲೂ ನಿಮ್ಮಣ್ಣ ಇನ್ನು ಆ ಶೆಡ್ಡಿಗೆ ಕಾಲಿಡೋ ಕೆಲಸ ಇರಲ್ಲ. ಸರಿ ತಾನೆ?”

“ಸರಿ.”

“ಹಾಗಾದ್ರೆ ಈ ಪಂದ್ಯದಲ್ಲಿ ಗೆಲ್ಲೋರು ಯಾರು?”

ನಾನು ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು ಅಂದೆ. “ನಿಮಗಲ್ಲ ಹಾಕಿದ್ದು, ಅವರಿಗೆ. ಅವರು ಕುಡೀಲಿಲ್ಲ,” ಅಂದರು.

ಅತ್ತಿಗೆಯ ವಾದದಲ್ಲಿ ಲೋಪವಿದೆ. ಎಲ್ಲಿದೆಯೆಂದು ಸಂಜೆಯವರೆಗೂ ಹುಡುಕಿದೆ. ಸಿಕ್ಕಿದಾಗ ಬರೆಯುತ್ತೇನೆ. ಒಂದಂತೂ ಸ್ಪಷ್ಟವಾಗಿರಲಿ: ನನಗೆ ಯಾರೂ ಬೇಡ. ಬೇಕಾಗಿರುವುದು ಮೋವರ್. ಹುಲ್ಲು ಮಂಡಿಯವರೆಗೆ ಬಂದಿದೆ.


ಜೂನ್ ೧೩, ಶುಕ್ರವಾರ

ಗೆಲುವು! ಅಂದರೆ, ಮೂರನೇ ಒಂದು ಭಾಗ ಗೆಲುವು.

ಟ್ರ್ಯಾಕ್ಟರನ್ನು ಮೋವರ್ ಬಳಿಗೆ ತರಲು ಇಷ್ಟು ದಿನ ಹೆಣಗಿದ್ದೆ. ಇಂದು ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಮೋವರನ್ನೇ ಟ್ರ್ಯಾಕ್ಟರಿನ ಬಳಿಗೆ ಯಾಕೆ ತರಬಾರದು? ಹಾರೆಯಿಂದ ಮೀಟಿ, ಅದರ ಅಡಿಗೆ ಹಳೇ ಕಬ್ಬಿಣದ ಪೈಪುಗಳನ್ನು ತುರುಕಿದೆ. ದಪ್ಪ ಹೆಂಗಸು ಜಾರುಬಂಡಿಯ ಮೇಲೆ ಕುಳಿತಂತೆ ಅದು ಗಾಂಭೀರ್ಯದಿಂದ ಉರುಳಿಕೊಂಡು ಬಂದು, ಸುಣ್ಣದ ಗೆರೆ ದಾಟಿ, ಎಡತೋಳಿಗೆ ಮುಖ ಕೊಟ್ಟು ನಿಂತಿತು. ಪಿನ್ನು ಸರಕ್ಕನೆ ಕೂತಿತು. ಗ್ರೀಸಿನ ಮಹಿಮೆ.

ಜೋರಾಗಿ “ಹೋ!” ಎಂದು ಕೂಗಿದೆ. ತಗಡಿನ ಛಾವಣಿ “ಹೋ” ಅಂತು. ಆಮೇಲೆ ಯಾರಿಗೆ ಹೇಳುವುದೆಂದು ತೋಚಲಿಲ್ಲ. ಕಾಲೇಜಿನ ಹಳೇ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. “ಎಡತೋಳು ಸಿಕ್ಕಿತು,” ಅಂದೆ. ಅವರು ಗಾಬರಿಯಾಗಿ, “ಯಾವ ಆಸ್ಪತ್ರೆ?” ಅಂದರು. ವಿವರಿಸಿದೆ. “ಓಹೋ, ಒಳ್ಳೇದು, ಒಳ್ಳೇದು,” ಎಂದು, ಬಾಗಿಲಿಗೆ ಯಾರೋ ಬಂದರೆಂದು ಇಟ್ಟುಬಿಟ್ಟರು.

ಅಣ್ಣನ ಕಿಟಕಿಯ ಕಡೆ ನೋಡಿದೆ. ಪರದೆ ಅಲ್ಲಾಡಿತು. ಗಾಳಿ ಇರಬೇಕು.


ಜೂನ್ ೧೪, ಶನಿವಾರ

ಬಲತೋಳು ಬೆಳಿಗ್ಗೆಯೇ ಬಂತು. ಅದಕ್ಕೆ ಮೇಲೆ ಕೆಳಗೆ ಮಾಡಲು ಹಿಡಿಯಿದೆ. ತಿರುಗಿಸುತ್ತ ಹೋದರೆ ತಾನೇ ಏರಿ ಬಂದು ತನ್ನ ಜಾಗ ಹುಡುಕಿಕೊಳ್ಳುತ್ತದೆ. ಅಲ್ಲಿಗೆ ಎರಡೂ ಆಧಾರವಾಕ್ಯ ಸಿದ್ಧ. ಉಳಿದದ್ದು ಮೇಲಿನ ಟಾಪ್ ಲಿಂಕು. ಅದೊಂದು ಕೊಳವೆ, ಒಂದು ಕಡೆ ತಿರುಗಿಸಿದರೆ ಉದ್ದವಾಗುತ್ತದೆ, ಇನ್ನೊಂದು ಕಡೆಗೆ ಗಿಡ್ಡವಾಗುತ್ತದೆ. ಅದರ ತೂತು ಮೋವರಿನ ತೂತಿಗೆ ಎದುರಾದರೆ ಪಿನ್ನು ಹಾಕಿ ಕೈ ತೊಳೆದುಕೊಳ್ಳುವುದು.

ಆಗಲಿಲ್ಲ. ಬೆರಳಗಲದಷ್ಟು ವ್ಯತ್ಯಾಸ. ಸಂಜೆಯವರೆಗೆ ಪಿನ್ನು ಕೈಯಲ್ಲಿ ಹಿಡಿದು ಬಕೆಟ್ ಬೋರಲು ಹಾಕಿಕೊಂಡು ಕುಳಿತೆ. ನಾಳೆ ಡೈರಿಯವನು ಬರುತ್ತಾನೆ. ಬಿಸಿಲು ಬಾಗಿಲಿನಿಂದ ಒಳಗೆ ಬಂದು, ಗೆರೆಯವರೆಗೆ ಹೋಗಿ, ಹಿಂದೆ ಸರಿಯಿತು. ಶೆಡ್ಡಿನಲ್ಲಿ ಡೀಸೆಲ್ಲಿನ ವಾಸನೆ, ಒಣಹುಲ್ಲಿನ ವಾಸನೆ. ಗೋಡೆಯ ಮೊಳೆಯಲ್ಲಿ ಅಣ್ಣನ ಹಳೇ ಕಂಡಕ್ಟರ್ ಸೀಟಿ ದಾರದ ಸಮೇತ ಇನ್ನೂ ನೇತಾಡುತ್ತಿತ್ತು. ಅದು ಯಾರ ಪಾಲಿಗೂ ಬರೆಯದೆ ಬಿಟ್ಟುಹೋದ ವಸ್ತು.

ಕೊನೆಗೆ ಅವನ ಮನೆಯ ಕಡೆ ತಿರುಗಿ ಕೂಗಿದೆ. “ಅಣ್ಣಾ!”

ವರ್ಷದಿಂದ ಬಳಸದ ಮಾತು. ಗಂಟಲಲ್ಲಿ ಅದಕ್ಕೂ ತುಕ್ಕು. ಇನ್ನೊಮ್ಮೆ ಕೂಗಿದೆ. “ಅಣ್ಣಾ, ಮೇಲಿಂದು ಕೂರ್ತಾ ಇಲ್ಲ!”

ಕಿಟಕಿ ಹತ್ತಿರವೇ ಇದ್ದನೋ ಏನೋ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅತ್ತಿಗೆಯದು ಮೆಟ್ಟಿಕೊಂಡು ಬಂದ. ಬಾಗಿಲಲ್ಲಿ ನಿಂತ. ಬಡವಾಗಿದ್ದಾನೆ. ಗೋಡೆಯಾಚೆಯಿಂದ ಕೆಮ್ಮು ಕೇಳುತ್ತದೆಯೇ ಹೊರತು ಕೆನ್ನೆ ಕಾಣುವುದಿಲ್ಲ.

“ಒಬ್ಬನೇ ಹಾಕ್ತೀನಿ ಅಂದಿದ್ದೆ,” ಅಂದ.

“ಅಂದಿದ್ದೆ.”

“ಸೋತೆ ಅನ್ನು.”

“ಸೋತೆ.”

ಇಷ್ಟು ಬೇಗ ಒಪ್ಪುತ್ತೇನೆಂದು ಅವನು ಎಣಿಸಿರಲಿಲ್ಲ. ಗೆರೆಯ ಹತ್ತಿರ ಬಂದು ಕೆಳಗೆ ನೋಡಿದ. ಮೋವರ್ ಇತ್ತ ಬಂದಿದ್ದರಿಂದ ಅವನೂ ಇತ್ತ ಬರಲೇಬೇಕಾಯಿತು. ಬಂದ. ಟಾಪ್ ಲಿಂಕನ್ನು ಕೈಯಲ್ಲಿ ಹಿಡಿದು ಬಗ್ಗಿ ನೋಡಿದ. ಅದರ ತಿರುಪಿನ ಸುತ್ತುಗಳ ಮೇಲೆಲ್ಲ ಧೂಳು ಮೆತ್ತಿತ್ತು, ತುದಿಯ ಎರಡು ಸುತ್ತು ಮಾತ್ರ ಹೊಳೆಯುತ್ತಿತ್ತು.

“ಇದನ್ನ ಈಗಷ್ಟೇ ಯಾರೋ ತಿರುಗಿಸಿದ ಹಾಗಿದೆಯಲ್ಲೋ?”

“ಬೆಳಿಗ್ಗೆಯಿಂದ ತಿರುಗಿಸ್ತಾನೇ ಇದೀನಲ್ಲ.”

ಹೊಳೆಯುವ ಭಾಗವನ್ನು ಹೆಬ್ಬೆರಳಿಂದ ಒರೆಸಿದ. ನನ್ನ ಮುಖ ನೋಡಿದ. ಅವನು ಕಂಡಕ್ಟರಾಗಿದ್ದಾಗ ಟಿಕೆಟ್ಟಿಲ್ಲದವನನ್ನು ಹೀಗೇ ನೋಡುತ್ತಿದ್ದಿರಬೇಕು. ಆಮೇಲೆ, “ಹತ್ತು ಮೇಲೆ,” ಅಂದ. “ತೋಳು ಎತ್ತೋ ಲಿವರ್ ಹಿಡ್ಕೋ. ಹೇಳಿದಷ್ಟೇ ಎತ್ತು. ನಿನ್ನ ಬುದ್ಧಿ ಉಪಯೋಗಿಸಬೇಡ.”

ಹತ್ತಿದೆ. ಎಂಜಿನ್ ಶುರು ಮಾಡಿದೆ. ಹಿಂದೆ ತಿರುಗಿ ನೋಡಲಿಲ್ಲ.

ಎರಡು ಏಟು. ಎತ್ತಿದೆ. ಒಂದು ಏಟು. ನಿಲ್ಲಿಸಿದೆ. ಎರಡು. ಕೂದಲೆಳೆಯಷ್ಟು. ಒಂದು.

ಮಡ್‌ಗಾರ್ಡಿನ ತಗಡಿನ ನಡುಕ ಸೀಟಿಗೆ ಬಂತು, ಸೀಟಿನಿಂದ ಬೆನ್ನಿಗೆ. ನಾನು ಮುಂದೆ ಸ್ಟೇರಿಂಗನ್ನೇ ನೋಡುತ್ತ ಕುಳಿತಿದ್ದೆ. ಡೀಸೆಲ್ ಹೊಗೆಗೆ ಕಣ್ಣು ಉರಿಯುತ್ತದೆ.

“ಕೂತ್ಕೊಂಡ್ತು,” ಎಂದು ಕೂಗಿದ. “ಎಂಜಿನ್ ಆರಿಸು, ಬ್ಲೇಡಿನ ಶಾಫ್ಟು ಸಿಕ್ಕಿಸ್ತೀನಿ.” ಅದನ್ನೂ ಸಿಕ್ಕಿಸಿದ. ಕೈ ಒರೆಸಿಕೊಂಡ. ಹೋದ.

ಪಂದ್ಯ ಸೋತೆ. ಮೋವರ್ ನಾಳೆ ಡೈರಿಯವನದು.


ಜೂನ್ ೧೫, ಭಾನುವಾರ

ಡೈರಿಯವನು ಗಾಡಿ ತಂದ. ಶೆಡ್ಡಿನ ಬಾಗಿಲಲ್ಲೇ ನಿಂತು, “ಇದೇನ್ರೀ, ಸಿಕ್ಕಿಸಿಬಿಟ್ಟಿದೀರಿ!” ಅಂದ. “ಪ್ರೊಫೆಸರು ಒಬ್ರೇ ಹಾಕಿದ್ರಾ?”

ಹೋದ ವರ್ಷ ಇದೇ ಮನುಷ್ಯ ನಕ್ಕಿದ್ದ. ಹೌದು ಅಂದುಬಿಡಬಹುದಿತ್ತು, ಅಣ್ಣ ಬಾಯಿ ಬಿಡುತ್ತಿರಲಿಲ್ಲ, ಯಾಕೋ ಹಾಗನ್ನಿಸಿತು. ಅವನು ಛಾವಣಿಯ ತಗಡು ನೋಡುತ್ತ ನಿಂತಿದ್ದ.

“ಇಲ್ಲ,” ಅಂದೆ. “ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಅದು.”

“ಹಾಗಾದ್ರೆ ಮೋವರ್ ನಂದಾಯ್ತು! ಬಿಚ್ಚಿಕೊಡಿ.”

“ಬರಲ್ಲ,” ಅಂದ ಅಣ್ಣ.

“ಏನು ಬರಲ್ಲ?”

“ಪಿನ್ನು. ತುಕ್ಕು ಹಿಡಿದು ಕಚ್ಕೊಂಡುಬಿಟ್ಟಿದೆ. ಹೊಡೆದು ತೆಗೆದ್ರೆ ಮುರಿಯತ್ತೆ.”

ಡೈರಿಯವನು ಹೋಗಿ ಮೇಲಿನ ಪಿನ್ನು ಮುಟ್ಟಿದ. ಬೆರಳನ್ನು ನಮ್ಮಿಬ್ಬರ ಮುಖದ ಮುಂದೆ ಹಿಡಿದ. “ಗ್ರೀಸ್ ಇಳೀತಾ ಇದೆ ಸ್ವಾಮಿ! ತುಕ್ಕು ಎಲ್ಲಿದೆ?”

ಅಣ್ಣ ಆ ಬೆರಳನ್ನು ನೋಡಿದ. ತಾನು ವರ್ಷದಿಂದ ಮುಟ್ಟದ ಯಂತ್ರಕ್ಕೆ ಗ್ರೀಸ್ ಎಲ್ಲಿಂದ ಬಂತೆಂದು ಲೆಕ್ಕ ಹಾಕಿದ. ನಾನು ಟ್ರ್ಯಾಕ್ಟರಿನ ಎಡ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅವನೂ ಟೈರನ್ನು ನೋಡಿದ.

“ತುಕ್ಕು ಒಳಗಡೆ ಇದೆ,” ಅಂದ ಅಣ್ಣ. “ಹೊರಗೆ ಕಾಣಲ್ಲ.”

“ಯಾವಾಗ ಬಿಡತ್ತೆ?”

“ಹೇಳಕ್ಕಾಗಲ್ಲ. ಹುಲ್ಲು ತಗೊಂಡು ಹೋಗು, ಪ್ರತಿ ವರ್ಷದ ಹಾಗೆ.”

ಡೈರಿಯವನು ಗೊಣಗುತ್ತ ಗಾಡಿ ತಿರುಗಿಸಿದ. ಅದನ್ನು ಹಿಂದಕ್ಕೆ ತೆಗೆಯುವಾಗ ಅಣ್ಣ ಅಭ್ಯಾಸಬಲದಿಂದ ಅದರ ಪಕ್ಕಕ್ಕೂ ಎರಡು ಏಟು ಹಾಕಿದ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.


ಜೂನ್ ೧೬, ಸೋಮವಾರ

ಹುಲ್ಲು ಕೊಯ್ದೆ. ಮೊದಲು ಅವನ ಅರ್ಧ, ಆಮೇಲೆ ನನ್ನದು. ಹುಲ್ಲಿಗೆ ಎಲ್ಲಿಂದ ಎಲ್ಲಿಗೆ ಯಾರದೆಂದು ಗೊತ್ತಿಲ್ಲದ್ದರಿಂದ ನನಗೂ ಗೊತ್ತಾಗಲಿಲ್ಲ. ಅಣ್ಣ ಬದುವಿನ ಮೇಲೆ ನಿಂತಿದ್ದ. ಪ್ರತಿ ಸಲ ನಾನು ಆ ಕೊನೆಗೆ ಹೋದಾಗ ಕೈ ಎತ್ತುತ್ತಿದ್ದ. ನೊಣ ಓಡಿಸಿದ್ದೂ ಇರಬಹುದು.

ಶೆಡ್ಡಿಗೆ ಮರಳಿದಾಗ ಟೈರು ಹಾಯ್ದಲ್ಲಿ ಸುಣ್ಣದ ಗೆರೆ ಒರಸಿಹೋಗಿತ್ತು. “ಚಹಾಕ್ಕೆ ಬಾ,” ಅಂದೆ. “ನೋಡೋಣ,” ಅಂದ. ಎರಡು ಲೋಟ ನೀರಿಟ್ಟೆ. ಬರಲಿಲ್ಲ. ಕತ್ತಲಾದ ಮೇಲೆ ಗೋಡೆಯಾಚೆ ಕೆಮ್ಮಿದ. ಎರಡು ಸಲ. ಅದು ‘ಬಾ’ ಎಂದೋ, ಬರೀ ಕೆಮ್ಮೋ ತಿಳಿಯದೆ ಇನ್ನೂ ಕುಳಿತಿದ್ದೇನೆ. ಆಚೆ ದೀಪ ಉರಿಯುತ್ತಿದೆ. ಚಪ್ಪಲಿ ಬಾಗಿಲ ಹತ್ತಿರವೇ ಇದೆ.

ಹೋಗುವುದಾದರೆ ಲೆಕ್ಕ ಚುಕ್ತಾ ಮಾಡಿ ಹೋಗಬೇಕು. ನನಗೆ ಯಾರೂ ಬೇಡ ಎಂದು ಇದೇ ಡೈರಿಯಲ್ಲಿ ಎದೆ ತಟ್ಟಿಕೊಂಡು ಬರೆದಿದ್ದೇನೆ. ಬೆರಳಗಲದಷ್ಟು ವ್ಯತ್ಯಾಸ ಎಂದೂ ಬರೆದಿದ್ದೇನೆ. ವ್ಯತ್ಯಾಸವೇನೂ ಇರಲಿಲ್ಲ. ಶನಿವಾರ ಮಧ್ಯಾಹ್ನ ತೂತಿಗೆ ತೂತು ಎದುರಾಗಿತ್ತು, ಪಿನ್ನು ಒಳಗೂ ಹೋಗಿತ್ತು, ನಾನು ಒಬ್ಬನೇ ಪಂದ್ಯ ಗೆದ್ದಾಗಿತ್ತು. ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ. ಪಿನ್ನನ್ನು ನಾನೇ ಹೊರಗೆಳೆದು, ಟಾಪ್ ಲಿಂಕನ್ನು ಎರಡು ಸುತ್ತು ತಿರುಗಿಸಿ ತಪ್ಪಿಸಿ, ಆಮೇಲೆ ಅಣ್ಣನನ್ನು ಕೂಗಿದೆ.